ಆರನೇ ಕಾಲಂ

ಫಾರ್ಮಿನೊಳಗ ಏಳು ಕಾಲಂ.
ತಾರೀಖು, ಹೊತ್ತು, ಎಷ್ಟು ಸೆಕೆಂಡು,
ಗ್ವಾಡಿ ಬಿರುಕು ಬಿಟ್ಟಿತೋ ಇಲ್ಲೋ,
ದನ ಬೆದರಿದುವೋ ಇಲ್ಲೋ.
ಇಷ್ಟು ಬರಿಯೂದು ಸರಳ.
ಏಳನೇದು ಬರೇ ಸಹಿ.
ಆರನೇದರ ಮುಂದ ಪೆನ್ನು ನಿಂತಬಿಟ್ಟಿತು:
"ಸಪ್ಪಳ ಯಾವುದರ ಹಾಗೆ ಇತ್ತು?"

ನಾನು ಮನೂಕ ಆರಿಸಾಕಿ,
ತಿಕೋಟಾ ಹಾದ್ಯಾಗಿನ ಕೋಲ್ಡ್ ಸ್ಟೋರೇಜಿನ ಶೆಡ್ಡಿನಾಗ.
ಕಡ್ಡಿ ಒಂದ್ ಕಡೆ, ಕಪ್ಪು ಒಂದ್ ಕಡೆ,
ಬಂಗಾರದ ಬಣ್ಣದ್ದು ಪೆಟ್ಟಿಗಿಗೆ.
ಎಂಟನೆತ್ತಾ ಪಾಸು, ಅಕ್ಷರ ದುಂಡಗ ಅದಾವು ಅಂತ
ಪಂಚಾಯತಿಯವರು ನನ್ನ ಹೆಸರು ಕೊಟ್ಟರು:
ನೀಲಗಂಗಾ ಗು. ಮಸಳಿ,
ನೆಲದಾಗಿನ ಗುಡುಗಿನ ಲೆಕ್ಕ ಬರಿಯಾಕಿ.

ಮೊದಲನೇ ಸಲ ಬಂದಾಗ
ನನ್ನ ತಾಟಿನ ಮನೂಕ
ಹಂಚಿನ ಮ್ಯಾಲಿನ ಜ್ವಾಳದಂಗ ಒಂದೀಟು ಕುಣಿದುವು.
ಬೋರಿನ ಗಾಡಿ ಅಂದರು.
ಆ ದಿನ ಊರಾಗ ಬೋರಿನ ಗಾಡಿ ಇರಲಿಲ್ಲ.
ಕ್ವಾರಿ ಮದ್ದು ಅಂದರು.
ಕ್ವಾರಿ ಬಂದ್ ಆಗಿ ಎರಡು ವರ್ಷ.
ಹೊರಗ ಬಂದು ಮುಗಿಲು ನೋಡಿದಿವಿ,
ಬೆಳಗಿಟ್ಟ ಹಿತ್ತಾಳಿ ಪರಾತ,
ಒಂದು ಮಾಡದ ಚೂರೂ ಇಲ್ಲ.

ಆರನೇದನ್ನ ಕೇಳಾಕ ಮನಿಮನಿ ತಿರುಗಿದೆ.
ಟ್ರಾಲಿ ಕಲ್ಲು ಒಮ್ಮೆಲೆ ಸುರುವಿದಂಗ
ಅಂದ ದಸ್ತಗೀರ ಮಾಮಾ.
ಮಾಳಗಿ ಮ್ಯಾಲ ಯಾರೋ ಕಪಾಟು ಎಳೆದಂಗ,
ಆದರ ತಂಗೀ, ಮಾಳಗಿನ ಕೆಳಗಿತ್ತು
ಅಂದಳು ತುಳಜಾಬಾಯಿ.
ಅಂಗನವಾಡಿ ಕೂಸೊಂದು
ಎದಿ ಮ್ಯಾಲ ಕೈ ಇಟ್ಟಗೊಂಡು "ಹ್ಞೂಂಂ" ಅಂತು.
ಅದನ್ನ ಯಾವ ಅಕ್ಷರದಾಗ ಬರೀಲಿ?
ನಮ್ಮತ್ತಿ ಕಿವುಡಿ. ಕಾಲು ಎತ್ತಿ ತೋರಿಸಿದಳು.
"ಅಂಗಾಲಿಗೆ ಕೇಳಿಸಿತು" ಅಂತ ಬರದೆ.

ಚೌಗುಲೆ ಸರ್ ಡಬ್ಬಿ ತಂದು
ಸಾಲಿ ಅಡಗಿಮನ್ಯಾಗ, ಬ್ಯಾಳಿ ಚೀಲದ ಬಾಜೂಕ ಇಟ್ಟರು.
ಮಳಿ ನೀರು ಕರಿಕಲ್ಲಿನ ಸೀಳಿಗೆ ಇಳಿದು
ಒಳಗೊಳಗ ಒತ್ತತಿರಬಹುದು, ಅಂದರು.
ಆ "ಬಹುದು" ನನಗ ಸೇರಿತು.
ನಮ್ಮೂರಾಗ ಯಾರೂ ಬಹುದು ಅನ್ನಂಗಿಲ್ಲ.
ಅಂಗೈ ಮ್ಯಾಲ ತೆಂಗಿನಕಾಯಿ ನಿಲ್ಲಿಸಿ
ನೀರು ತೋರಿಸೋ ಸಿದರಾಯ
ಹದಿಮೂರು ಬೋರು ಒಣಾ ಹೋದರೂ
ಒಮ್ಮೆನೂ ಅಂದಿಲ್ಲ.

ಒಂದು ನಸುಕಿನಾಗ, ಮೂರಕ್ಕ ಹತ್ತು ಕಮ್ಮಿ,
ಊರಿಗೆ ಊರೇ ಹೊರಸಿನಿಂದ ಎದ್ದಿತು.
ಬ್ಯಾಟರಿ ಹಿಡಕೊಂಡು ಸಾಲಿಗೆ ಓಡಿದೆ.
ಸರ್ ಬನಿಯನ್ನಿನ ಮ್ಯಾಲ ನಿಂತಿದ್ದರು,
ಕೈಮ್ಯಾಗಿನ ಕೂದಲಾ ನೆಟ್ಟಗ.
ಡಬ್ಬಿಯ ಗೆರಿನೂ ನೆಟ್ಟಗ,
ಗಳಗಿ ಮುರಿಯದ ಹೊಸಾ ಸೀರಿ ಅಂಚಿನಂಗ.

"ನಿಮ್ಮ ಡಬ್ಬಿ ಮಲಗಿತ್ತೇನ್ರಿ?"
ವಾಯರ್ ನೋಡಿದರು, ಬ್ಯಾಟರಿ ನೋಡಿದರು,
ಎಲ್ಲಾ ಬರೋಬರಿ.
ಕಟ್ಟಿ ಮ್ಯಾಲ ಕುಂತು ಹೊತ್ತು ಕಳೆದು ಅಂದರು,
"ನಂದೂ ಒಂದು ಫಾರ್ಮ್ ಬರಕೋರಿ."

ತಾರೀಖು. ಹೊತ್ತು. ನಾಕು ಸೆಕೆಂಡು.
ಆರನೇದು?
ದೂರ ಎಲ್ಲೋ ಒಂದು ನಾಯಿ ಬೊಗಳಿ ಬಿಟ್ಟಿತು.
"ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು
ಕದಾ ತಟ್ಟಿದಂಗ," ಅಂದರು.
ಆಮ್ಯಾಲ, "ಬ್ಯಾಡ. ಹೊಡದಹಾಕ್ರಿ."
ಹೊಡದಹಾಕಿದೆ, ಒಂದ ಗೆರಿ.
ಗೆರಿ ಕೆಳಗಿನದು ಇನ್ನೂ ಓದಾಕ ಬರತೈತಿ.

ಸಂಕ್ರಮಣ ಮುಗಿದ ಮ್ಯಾಲ ಡಬ್ಬಿ ಹೋತು.
ಸಪ್ಪಳನೂ ಹೋತು, ಹನ್ನೊಂದು ವಾರ ಆತು.
ಉಳಿದ ಫಾರ್ಮಿನ ಬೆನ್ನಿಗೆ ಮಗಳು
ನವಿಲು ತೆಗೀತಾಳ, ನಾನು ಹಾಲಿನ ಲೆಕ್ಕ.
ಆದರೂ ದಿನಾ ಒಂದು ತುಂಬತೀನಿ.
ತಾರೀಖು ಹಾಕಿ "ಇಲ್ಲ" ಅಂತ.
ಇಲ್ಲ ಅಂದರ ಆರನೇದಕ್ಕ ಏನು ಬರಿಯೂದು?

ನಿನ್ನೆ ಬರದದ್ದು:
"ಮನೂಕ ತಾಟಿನಾಗ ಸುಮ್ನ ಕುಂತಿದ್ದುವು.
ಎರಡು ಸಲ ನಾನ ತಾಟು ಅಲುಗಿಸಿದೆ."
ಸಹಿ ಮಾಡಿದೆ.